ಮುತ್ತಯ್ಯನ ಹಂದಿಕೋರೆ

ಹನೂರಿನಿಂದ ಮೂರು ಮೈಲಿ ಆಚೆಗಿನ ಕಾರೆದೊಡ್ಡಿಯಲ್ಲಿ ಕುಲುಮೆ ಮುತ್ತಯ್ಯನನ್ನು ಒಳ್ಳೆಯ ಮನುಷ್ಯ ಎಂದವರು ಕಡಿಮೆ. ಒಳ್ಳೆಯ ಕೆಲಸಗಾರ ಎನ್ನದವರು ಯಾರೂ ಇಲ್ಲ. ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇತ್ತು. ನೇಗಿಲ ಗುಳ ತಟ್ಟಿಸಲು ಬಂದ ರೈತ ಎರಡು ಸಲ "ಆಯ್ತಾ?" ಎಂದು ಕೇಳಿದನೋ, ಅರ್ಧ ಕಾದ ಗುಳವನ್ನು ಅಂಗಳಕ್ಕೆ ಎಸೆದು "ನೀನೇ ತಟ್ಕೋ ಓಗು" ಎನ್ನುವ ಆಸಾಮಿ. ಆದರೂ ಜನ ಬರುತ್ತಿದ್ದರು. ಅವನು ಹದ ಕೊಟ್ಟ ಕುಡುಗೋಲು ಮೂರು ಸುಗ್ಗಿ ಕಂಡರೂ ಹಲ್ಲು ಬಿಡುತ್ತಿರಲಿಲ್ಲ.

ಹದ ಕೊಡುವುದೆಂದರೆ ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದು. ಹೇಳುವುದಕ್ಕೆ ಅಷ್ಟೇ. ಕಾವು ಒಂದು ಎಳೆ ಹೆಚ್ಚಾದರೆ ಅಲಗು ಹಪ್ಪಳದ ಹಾಗೆ ಮುರಿಯುತ್ತದೆ, ಒಂದು ಎಳೆ ಕಡಿಮೆಯಾದರೆ ಬಾಗುತ್ತದೆ. ಆ ಸರಿಯಾದ ಗಳಿಗೆ ನಿನಗೆ ಹೇಗಪ್ಪ ತಿಳಿಯುತ್ತದೆ ಎಂದು ಯಾರಾದರೂ ಕೇಳಿದರೆ ಮುತ್ತಯ್ಯ ತನ್ನ ಬಲಗೈ ಎತ್ತಿ ತೋರಿಸಿ, "ಇದ್ಕೆ ಗೊತ್ತು" ಎನ್ನುತ್ತಿದ್ದ. ಅವನು ಅದನ್ನು ನಂಬಿದ್ದ. ಊರೂ ನಂಬಿತ್ತು. ನಂಬದೆ ಇದ್ದವರು ಒಬ್ಬರೇ, ಅವರು ಬಾಯಿ ಬಿಡಲಿಲ್ಲ.

ಮದರಾಸಿನ ಕೈಯಲ್ಲಿದ್ದ ಕೊಳ್ಳೇಗಾಲ ಸೀಮೆ ಮೈಸೂರಿಗೆ ಸೇರಿತಲ್ಲ, ಐವತ್ತಾರನೇ ಇಸವಿ, ಅದೇ ಕಾರ್ತೀಕದಲ್ಲಿ ಅವನ ಮದುವೆಯಾಯಿತು. ಹೆಣ್ಣು ಸತ್ತೇಗಾಲದವಳು, ಹೆಸರು ಚಿಕ್ಕನಿಂಗಮ್ಮ. ಅವಳಪ್ಪನದೂ ಕುಲುಮೆಯೇ. ಆದರೆ ಅದು ಹೊಳೆಯ ಸೀಮೆಯ ಕುಲುಮೆ. ಬಾಗಿಲು ದಾಟಿದರೆ ಕಾಲುವೆ, ಕಾಲುವೆ ದಾಟಿದರೆ ಭತ್ತದ ಗದ್ದೆ, ತೆಂಗಿನ ನೆರಳು. ಇಡೀ ತಾಲೂಕು ರಾಜ್ಯ ಬದಲಿಸಿದರೂ ಯಾರ ಮನೆಯ ಮುದ್ದೆಯೂ ಸಣ್ಣದಾಗಲಿಲ್ಲ, ದೊಡ್ಡದಾಗಲಿಲ್ಲ. ಆದರೆ ಹೊಳೆ ಬಿಟ್ಟು ಬೆಟ್ಟದ ಬುಡಕ್ಕೆ ಬಂದ ಆ ಹೆಣ್ಣಿಗೆ ಎಲ್ಲವೂ ಬದಲಾಯಿತು.

ಕಾರೆದೊಡ್ಡಿಗೆ ನೀರೆಂದರೆ ಸೀಗೆಕಟ್ಟೆ. ಊರಿಂದ ಮುಕ್ಕಾಲು ಮೈಲಿ ಮೇಲಕ್ಕೆ, ಬೆಟ್ಟದ ಮಡಿಲಲ್ಲಿ. ಬೇಸಿಗೆಯಲ್ಲೂ ಬತ್ತದ ಒರತೆಯ ನೀರು, ಅದರ ಪುಣ್ಯ. ಆದರೆ ಹೊತ್ತು ತರಬೇಕು. ದಾರಿಯ ನಡುವೆ ತಲೆಹೊರೆ ಇಳಿಸಲು ಹಿರಿಯರು ನಿಲ್ಲಿಸಿದ ಒಂದು ಹೊರೆಗಲ್ಲು, ಅದರ ಸುತ್ತ ಪಿಕಾಸಿಗೂ ಬಗ್ಗದ ಗೊರಜು ನೆಲ. ಚಿಕ್ಕನಿಂಗಮ್ಮ ದಿನಕ್ಕೆ ಆರು ಕೊಡ ಹೊರುತ್ತಿದ್ದಳು: ಮನೆಗೆ ನಾಲ್ಕು, ಕುಲುಮೆಯ ಕಲ್ಲುಬಾನಿಗೆ ಎರಡು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹೊಸ್ತಿಲ ಮೇಲೆ ಕೂತು ಸುಮ್ಮನೆ ಕಿವಿಗೊಟ್ಟು ಕೇಳಿ ಹೇಳಿದಳಂತೆ, "ಇಲ್ಲಿ ನೀರು ಸದ್ದೇ ಮಾಡಲ್ವಲ್ಲ."

ಮುತ್ತಯ್ಯ ಅದಕ್ಕೆ, "ಸದ್ದು ಮಾಡೋಕೆ ನೀನಿದ್ದೀಯಲ್ಲ" ಎಂದ. ಅವನಿಗೆ ಅದು ತಮಾಷೆ. ಅವಳು ನಕ್ಕಳು ಕೂಡ. ಆದರೆ ಆ ಮಾತು ಆಮೇಲೆ ಅವನನ್ನು ಬಹಳ ಕಾಲ ಕಾಡಿತು.

ಕುಲುಮೆಯಲ್ಲಿ ತಿದಿ ಒತ್ತುವ ಕೆಲಸ ಅವಳದೇ ಆಯಿತು. ಚರ್ಮದ ದೊಡ್ಡ ತಿದಿ ಒಳಮೂಲೆಯ ಕತ್ತಲಲ್ಲಿತ್ತು; ಅವಳು ಅಲ್ಲಿ ಕುಕ್ಕರಗಾಲಲ್ಲಿ ಕೂತು ಒತ್ತುವಳು. ಮುತ್ತಯ್ಯ ಇಕ್ಕುಳ ಹಿಡಿದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ, ಬಾಗಿಲಿಗೆ ಮುಖ ಮಾಡಿ ನಿಲ್ಲುವನು. ಹದ ಕೊಡುವ ದಿನ ಪ್ರತಿ ಸಲವೂ ಒಂದೇ ಕಥೆ. ಕಬ್ಬಿಣ ಕೆಂಡದಲ್ಲಿ ಕಾಯುತ್ತಿರುತ್ತದೆ, ತಿದಿ ಉಸಿರಾಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಅವಳ ಕೈ ನಿಂತುಬಿಡುತ್ತದೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

"ಯಾಕೆ, ಕೈ ಸೋತ್ತಾ?" ಎಂದು ಮುತ್ತಯ್ಯ ಗದರುವನು.

"ಊಂ, ಸೋತ್ತು" ಎನ್ನುವಳು ಅವಳು.

"ಸತ್ತೇಗಾಲದ ಅನ್ನ ತಿಂದ ಮೈ ಇದು. ರಾಗಿ ತಿಂದಿದ್ರೆ ತಾನೇ ಗಟ್ಟಿ" ಎಂದು ಗೊಣಗಿಕೊಂಡು ಅವನು ಕಬ್ಬಿಣವನ್ನು ಈಚೆಗೆ ಎಳೆಯುವನು. ಗಾಳಿ ನಿಂತ ಮೇಲೆ ಕೆಂಡದಲ್ಲಿಟ್ಟು ಏನು ಪ್ರಯೋಜನ? ಬಾನಿಗೆ ಅದ್ದುವನು. ಚುರ್ ಎನ್ನುವುದು. ಕುಡುಗೋಲೋ ಮಚ್ಚೋ ಮತ್ತೊಂದು ಆಗಿ ಹೋಗುವುದು. ಹದಿನೇಳು ವರ್ಷ ಈ ಜಗಳ ಹೀಗೇ ನಡೆಯಿತು. ಕುಲುಮೆಗೆ ಬಂದವರಿಗೆಲ್ಲ ಅದು ಬಾಯಿಪಾಠ, ಅವಳ ಕೈ ನಿಂತ ಕೂಡಲೇ ಅಂಗಳದಲ್ಲಿದ್ದವರೇ "ಸೋತ್ತಾ?" ಎಂದು ಕೂಗಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ಮಹಾತಾಯಿಗೆ ನಗು ಸುಲಭವಾಗಿತ್ತು.

ಒಬ್ಬಳೇ ಮಗಳು, ಮಾದೇವಮ್ಮ. ತಾಯಿಯ ಪಕ್ಕದಲ್ಲಿ, ತಿದಿಯ ಗಾಳಿಗೆ ತಲೆಗೂದಲು ಹಾರಿಸಿಕೊಂಡು ಬೆಳೆದ ಕೂಸು. ಅವಳು ದೊಡ್ಡವಳಾದಾಗ ಹನೂರಿನ ಕಡೆಯಿಂದಲೇ ಎರಡು ಸಂಬಂಧ ಬಂದವು. ಯಾವುದಕ್ಕೂ ಅಡ್ಡ ಮಾತಾಡದ ಚಿಕ್ಕನಿಂಗಮ್ಮ ಅವತ್ತು ಮಾತ್ರ ಕಂಬಕ್ಕೆ ಒರಗಿ ಗಟ್ಟಿಯಾಗಿ ಹೇಳಿದಳು, "ನನ್ನ ಕೂಸ ನೀರಿರೋ ಊರಿಗೇ ಕೊಡ್ಬೇಕು. ಇದೊಂದು ಮಾತು ನಡಸ್ಕೊಡು." ಹಾಗೆ ಮಾದೇವಮ್ಮ ತಾಯಿಯ ತವರಿಗೇ ಸೊಸೆಯಾಗಿ ಹೋದಳು, ಸೋದರಮಾವನ ಮಗ ಮಾದಸ್ವಾಮಿಗೆ. ಅವನು ಕುಲುಮೆ ಬಿಟ್ಟು ಡ್ರೈವಿಂಗ್ ಕಲಿತು, ಕಬ್ಬು ಬೆಳೆಯುವ ಸದಾಶಿವಪ್ಪನವರ ಟ್ರಾಕ್ಟರು ಓಡಿಸುತ್ತಿದ್ದ.

ಎಪ್ಪತ್ತಮೂರರಲ್ಲಿ ಊರಿಗೆ ಪೈಪುಗಳು ಬಂದವು. ಸೀಗೆಕಟ್ಟೆಯಿಂದ ಊರಿಗೆ ನೀರು ಇಳಿಸುವ ಯೋಜನೆ. ಪೈಪು ಸರ್ಕಾರದ್ದು, ಕಾಲುವೆ ತೋಡುವುದು ಜನರ ಶ್ರಮದಾನ. ಲಾರಿಯವನು ಸಿಮೆಂಟಿನ ಪೈಪುಗಳನ್ನು ಊರ ಬಾಗಿಲಲ್ಲಿ ಉರುಳಿಸಿ ಹೋದ. ಚಿಕ್ಕನಿಂಗಮ್ಮ ಅವನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದಳು. ಮಾರನೆಯ ದಿನ ಎಲ್ಲಿಂದಲೋ ಒಂದು ಚಪ್ಪಟೆ ಕಲ್ಲು ಹೊತ್ತು ತಂದು ಕುಲುಮೆಯ ಎಡಮಗ್ಗುಲಲ್ಲಿ ನೆಲಕ್ಕೆ ಹೂತು, ಕಾಲಲ್ಲಿ ತುಳಿದು ಭದ್ರ ಮಾಡಿದಳು.

"ಇದೇನು?" ಎಂದ ಮುತ್ತಯ್ಯ.

"ನಲ್ಲಿ ಇಲ್ಲಿರ್ಲಿ. ಕೊಡ ಇಡೋಕೆ ಕಲ್ಲು ಬೇಕಲ್ಲ. ಬಾನಿಗೂ ಅತ್ರ."

"ನೆಲವೇ ಅಗ್ದಿಲ್ಲ, ಕೊಡ ಇಡೋಕೆ ಕಲ್ಲಂತೆ! ಕೂಸು ಉಟ್ಟೋಕ್ ಮುಂಚೆ ಕುಲಾವಿ" ಎಂದು ಅವನು ನಕ್ಕ.

ಶ್ರಮದಾನ ಶುರುವಾಗಿ ನಾಲ್ಕನೆಯ ದಿನ ಹೊರೆಗಲ್ಲಿನ ಗೊರಜಿಗೆ ತಾಕಿ ನಿಂತಿತು. ಪಿಕಾಸಿಗಳು ಮೊಂಡಾದವು, ಹಾರೆಗಳು ಬಾಗಿದವು, ಜನ ಬೆನ್ನು ಹಿಡಿದುಕೊಂಡು ಮನೆಗೆ ಹೋದರು. ಪೈಪಿನೊಳಗೆ ಆಡುಮರಿಗಳು ಮಲಗತೊಡಗಿದವು. ಆ ಆಷಾಢದಲ್ಲಿ ಚಿಕ್ಕನಿಂಗಮ್ಮನಿಗೆ ಜ್ವರ ಬಂತು. ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಕಟ್ಟುವಷ್ಟರಲ್ಲಿ ಮೂರು ದಿನವಾಗಿತ್ತು. ಗಾಡಿ ಬಿಚ್ಚಿ ಎತ್ತುಗಳನ್ನು ಕೊಟ್ಟಿಗೆಗೆ ಕಟ್ಟಿದರು. ಮೂವತ್ತೈದು ದಾಟಿರಲಿಲ್ಲ ಅವಳಿಗೆ.

ಮುತ್ತಯ್ಯ ಅಳಲಿಲ್ಲ ಎಂದು ಊರು ಆಡಿಕೊಂಡಿತು. ಊರಿಗೇನು ಗೊತ್ತು? ತಿಂಗಳು ಕಳೆದು ಕುಲುಮೆ ಹೊತ್ತಿಸಿದ ದಿನ ಬಾನಿಯಲ್ಲಿ ಎರಡು ಬೆರಳು ನೀರಿತ್ತು. ಅವಳು ಹೊತ್ತು ತಂದದ್ದರಲ್ಲಿ ಉಳಿದದ್ದು ಅಷ್ಟೇ. ಅದನ್ನು ಚೆಲ್ಲಲಾರದೆ, ಅದರಲ್ಲಿ ಕಬ್ಬಿಣ ಅದ್ದಲಾರದೆ, ಅವನು ಅವತ್ತೆಲ್ಲ ಬಾನಿಯ ಮುಂದೆ ಕೂತಿದ್ದ. ಆಮೇಲೆ ತಾನೇ ಕೊಡ ಎತ್ತಿಕೊಂಡು ಸೀಗೆಕಟ್ಟೆಯ ದಾರಿ ಹಿಡಿದ. ಗಂಡಸು ಕೊಡ ಹೊರುವುದು ಕಂಡು ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹೊರೆಗಲ್ಲಿನ ಬಳಿ ಅವನೂ ಕೊಡ ಇಳಿಸಿದ. ಆಗಲೇ ಅವನ ಮನಸ್ಸಿನಲ್ಲಿ ಒಂದು ಆಸೆ ಬೇರು ಬಿಟ್ಟಿತು: ಈ ನೀರು ಅವಳಿಟ್ಟ ಆ ಕಲ್ಲಿನ ಮೇಲೆ ಬಂದು ಬೀಳಬೇಕು. ಅವಳು ಕಾಣದಿದ್ದರೂ ಬೀಳಬೇಕು.

ತಿದಿಗೆ ಈಗ ಪುಟ್ಟಮಾದಯ್ಯ ಬಂದ. ಕೂಲಿಗೆ ಹೋಗುವ ಕಟ್ಟುಮಸ್ತಾದ ಆಳು, ಮುತ್ತಯ್ಯನ ಓರಗೆಯವನು. ಒಳ್ಳೆಯ ಮನುಷ್ಯ, ನಿಲ್ಲಿಸು ಎನ್ನುವವರೆಗೂ ನಿಲ್ಲಿಸುವ ಜಾಯಮಾನ ಅವನದಲ್ಲ. "ನಿನ್ನಂಗೆ ಒತ್ತೋನು ಮೊದ್ಲೇ ಸಿಕ್ಕಿದ್ರೆ ನಾನು ಯಾವತ್ತೋ ಉದ್ಧಾರ ಆಗ್ತಿದ್ದೆ ಕಣ್ಲಾ" ಎಂದು ಮುತ್ತಯ್ಯ ಅವನ ಬೆನ್ನು ತಟ್ಟಿದ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದರೇ?

ಆದರೆ ಅಲ್ಲಿಂದ ಮುಂದೆ ಕುಲುಮೆಗೆ ಏನೋ ತಗುಲಿತು. ಕುಡುಗೋಲುಗಳ ಹಲ್ಲು ಉದುರಿದವು. ಗುಳದ ಮೂತಿ ಕಲ್ಲಿಗೆ ತಾಕಿದರೆ ಚಕ್ಕೆ ಏಳುತ್ತಿತ್ತು. ಜನ ಮೊದಮೊದಲು ಮರುಗಿದರು, ಆಮೇಲೆ ಗೊಣಗಿದರು, ಆಮೇಲೆ ಸದ್ದಿಲ್ಲದೆ ಹನೂರಿಗೆ ಹೋಗತೊಡಗಿದರು. "ನಿಂಗಮ್ಮ ಓದ್ಮೇಲೆ ಮುತ್ತಣ್ಣನ ಹದ ಓಯ್ತು" ಎಂದರು. ಮಾತು ಸರಿಯಾಗಿಯೇ ಇತ್ತು. ಆಡಿದವರಿಗೂ ಅದರ ಅರ್ಥ ಗೊತ್ತಿರಲಿಲ್ಲ, ಕೇಳಿದವನಿಗೂ ಗೊತ್ತಾಗಲಿಲ್ಲ. ಮುತ್ತಯ್ಯ ಇದ್ದಿಲನ್ನು ಬೈದ, ಗುಜರಿ ಕಬ್ಬಿಣವನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಎಪ್ಪತ್ತೈದರ ಬೇಸಿಗೆಯಲ್ಲಿ ಮಾದಸ್ವಾಮಿ ಹಬ್ಬಕ್ಕೆ ಬಂದಾಗ ಮಾತಿಗೆ ಮಾತು ಬಂತು. "ಮಾವ, ಅಣೆಕಟ್ಟೆ ಕೆಲ್ಸದಲ್ಲಿ ನೋಡಿವ್ನಿ, ದೊಡ್ಡ ಬುಲ್ಡೋಜರ್ ಇಂದೆ ಒಂದು ಕಬ್ಬಿಣದ ಕೊಕ್ಕೆ ಇರ್ತದೆ. ನೆಲಕ್ಕೆ ಇಳಿಸಿ ಎಳೆದ್ರೆ ಎಂಥ ಗಟ್ಟಿ ನೆಲನೂ ಸೀಳ್ಕಂಡು ಓಯ್ತದೆ. ಆಮೇಲೆ ಮಣ್ಣು ಎತ್ತೋದೊಂದೇ."

ಮುತ್ತಯ್ಯ ಮುದ್ದೆ ಮುರಿಯುತ್ತಿದ್ದ. ಕೈ ನಿಂತಿತು. "ನಿನ್ನ ಟ್ರಾಕ್ಟರ್ ಇಂದೆ ಕಟ್ಬೋದಾ?"

"ನಮ್ದು ಸಣ್ಣದು. ಆದ್ರೆ ಕೊಕ್ಕೆನೂ ಸಣ್ಣದಿದ್ರೆ ಎಳೀಬೋದು."

ಮುತ್ತಯ್ಯ ಕೈಯಲ್ಲಿದ್ದ ಮುದ್ದೆಯನ್ನು ಬಾಯಿಗಿಡದೆ ಹಿಸುಕಿ, ನೀವಿ, ತುದಿ ಬಾಗಿಸಿ ತಟ್ಟೆಯಲ್ಲಿಟ್ಟ. "ಇಂಗಾ?"

"ಇನ್ನೊಸಿ ಮುಂದಕ್ಕೆ ಬಗ್ಗಬೇಕು." ಮಾದಸ್ವಾಮಿ ಬೆರಳಲ್ಲಿ ಮುದ್ದೆಯ ತುದಿ ಒತ್ತಿದ. ಸಾರು ಆರಿಹೋಯಿತು. ಅವತ್ತು ಇಬ್ಬರೂ ಉಂಡದ್ದು ಅಷ್ಟರಲ್ಲೇ.

ಎರಡು ತಿಂಗಳು ಮುತ್ತಯ್ಯ ಅದೇ ಧ್ಯಾನದಲ್ಲಿದ್ದ. ಬಸ್ಸು ಹತ್ತಿ ಸತ್ತೇಗಾಲಕ್ಕೆ ಹೋಗಿ, ಟ್ರಾಕ್ಟರಿನ ಹಿಂದೆ ನೇಗಿಲು ತಗುಲಿಸುವ ಮೂರು ಕೈಗಳ ಅಳತೆಯನ್ನು ಪುಂಡಿನಾರಿನ ಹುರಿಯಲ್ಲಿ ಗಂಟು ಹಾಕಿಕೊಂಡು ಬಂದ. ಕೆಳಗಿನ ಎರಡು ಕೈಗೆ ಸಿಕ್ಕಿಸಲು ಹಳೆಯ ಗಾಡಿಯ ಕಬ್ಬಿಣದ ಅಚ್ಚು. ಕೊಳ್ಳೇಗಾಲದ ಗುಜರಿಯಿಂದ ಲಾರಿಯ ಕಮಾನು ಪಟ್ಟೆಗಳನ್ನು ತಂದು, ಎರಡನ್ನು ಬೆನ್ನಿಗೆ ಬೆನ್ನು ಕೂಡಿಸಿ, ಕಾಸಿದ ಮೊಳೆ ಬಡಿದು ಒಂದು ಮಾಡಿ, ಅಚ್ಚಿನಿಂದ ನೆಲಕ್ಕೆ ಇಳಿಬಿಟ್ಟ. ಅದರ ತುದಿಗೆ ಬೇರೆಯದೇ ಒಂದು ಹಲ್ಲು, ಕೀಲು ತೆಗೆದರೆ ಕಳಚುವ ಹಾಗೆ. ಸವೆದರೆ ಹಲ್ಲು ಮಾತ್ರ ಬದಲಿಸಬಹುದು. ಅಂಗಳದಲ್ಲಿ ಅದನ್ನು ನಿಲ್ಲಿಸಿದಾಗ ಊರ ಯಜಮಾನ ದೊಡ್ಡಮಾದಪ್ಪ ಸುತ್ತು ಬಂದು ನೋಡಿ, "ಥೇಟ್ ಹಂದಿಕೋರೆ ಕಣಯ್ಯ" ಎಂದ. ರಾತ್ರೋರಾತ್ರಿ ಗೆಣಸಿನ ಹೊಲ ಉತ್ತು ಹೋಗುವ ಕಾಡುಹಂದಿಗಳನ್ನು ಕಂಡ ಊರು. ಆ ಹೆಸರೇ ನಿಂತಿತು.

ಸದಾಶಿವಪ್ಪನವರು ಮೂರು ದಿನಕ್ಕೆ ಟ್ರಾಕ್ಟರು ಬಿಟ್ಟುಕೊಟ್ಟರು. ಮೂರನೆಯ ದಿನ ಮಧ್ಯಾಹ್ನಕ್ಕೆ ಹೊರಡಲೇಬೇಕು, ಕಬ್ಬಿನ ಗದ್ದೆ ಕಾಯುತ್ತದೆ ಎಂದು ಹೇಳಿಯೇ ಕಳಿಸಿದ್ದರು. ಟ್ರಾಕ್ಟರಿನ ಜೊತೆ ಮಾದೇವಮ್ಮನೂ ಟ್ರೇಲರಿನಲ್ಲಿ ಕೂತು, ಮಡಿಲಲ್ಲಿ ನಾಲ್ಕು ತೆಂಗಿನಕಾಯಿ ಇಟ್ಟುಕೊಂಡು ತವರಿಗೆ ಬಂದಳು.

ಮೊದಲ ದಿನ ಹಬ್ಬವೇ. ಹಂದಿಕೋರೆ ಈ ಸಲ ಸೀಗೆಕಟ್ಟೆಯ ಕಡೆಯಿಂದ ನೆಲಕ್ಕಿಳಿದು ಒಂದು ಗೇಣು ಆಳ ಸೀಳಿತು, ಹಿಂದಿರುಗಿ ಬಂದು ಇನ್ನೊಂದು ಗೇಣು. ಹಿಂದೆ ಹಿಂದೆಯೇ ಜನ ಗುದ್ದಲಿ ಹಿಡಿದು ಸಡಿಲ ಮಣ್ಣು ಎತ್ತುತ್ತ ಬಂದರು. ಎರಡು ವರ್ಷದಿಂದ ಮುರಿದುಬಿದ್ದಿದ್ದ ಉತ್ಸಾಹ ಒಂದೇ ಬೆಳಗಿನಲ್ಲಿ ಎದ್ದು ನಿಂತಿತು. ಹೊತ್ತು ಮುಳುಗುವ ಮೊದಲು ಹೊರೆಗಲ್ಲಿನ ಗೊರಜು ಬಂತು. ಟಣ್ ಎಂದಿತು. ಟ್ರಾಕ್ಟರು ಒಮ್ಮೆ ಮುಂದಕ್ಕೆ ಹಾರಿತು. ಹಲ್ಲು ಮುರಿದಿತ್ತು.

"ಒಂದು ಓದ್ರೆ ಇನ್ನೊಂದು" ಎಂದ ಮುತ್ತಯ್ಯ. ಮಾರನೆಯ ದಿನ ಬೆಳಿಗ್ಗೆ ಹೊಸ ಹಲ್ಲು ಬಡಿದ. ಪುಟ್ಟಮಾದಯ್ಯ ಬೆವರು ಸುರಿಸಿ ತಿದಿ ಒತ್ತಿದ. ಕಬ್ಬಿಣ ಹೊಳೆಹೊಳೆದು ಕಾದಾಗ ಮುತ್ತಯ್ಯ ಎಳೆದು ಬಾನಿಗೆ ಅದ್ದಿದ. ಗೊರಜಿಗೆ ಇಳಿಸಿ ಹತ್ತು ಮಾರು ಹೋಗಲಿಲ್ಲ, ಮತ್ತೆ ಟಣ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಜನ ಗುದ್ದಲಿ ಊರಿಕೊಂಡು ಸುಮ್ಮನೆ ನಿಂತರು. ಯಾರೂ ಏನೂ ಅನ್ನಲಿಲ್ಲ, ಅದೇ ಅವನಿಗೆ ತಡೆಯಲಾಗದೆ ಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವನು ಮುರಿದ ತುಂಡನ್ನು ಎತ್ತಿಕೊಂಡು ಹೊರೆಗಲ್ಲಿಗೆ ಒರಗಿ ಕೂತ. ಪಟ್ಟೆಯಲ್ಲಿ ಉಳಿದದ್ದು ಇನ್ನೊಂದೇ ಹಲ್ಲಿಗೆ ಆಗುವಷ್ಟು. ನಾಳೆ ಮಧ್ಯಾಹ್ನ ಟ್ರಾಕ್ಟರು ಹೋಗುತ್ತದೆ. ಅದೂ ಮುರಿದರೆ ಪೈಪಿನಲ್ಲಿ ಆಡುಮರಿಗಳೇ ಗತಿ. ಮತ್ತೆ ಯಾರು ಟ್ರಾಕ್ಟರು ಕೊಡುತ್ತಾರೆ, ಮತ್ತೆ ಯಾರು ಗುದ್ದಲಿ ಎತ್ತುತ್ತಾರೆ? ಅವಳು ಹೂತ ಕಲ್ಲು ಒಣಗಿಕೊಂಡೇ ಇರುತ್ತದೆ. ಈ ಕಲ್ಲಿಗೇ ಕೊಡ ಇಳಿಸಿ ಅವಳು ಉಸಿರು ಬಿಡುತ್ತಿದ್ದಳು. ಎಷ್ಟು ಸಲ ಇಳಿಸಿರಬಹುದು ಎಂದು ಅವನು ಲೆಕ್ಕ ಹಾಕಲು ಹೋದ. ಹದಿನೇಳು ವರ್ಷ, ಸಲಕ್ಕೆ ಎರಡು ಕೊಡದಂತೆ ದಿನಕ್ಕೆ ಮೂರು ಬಾರಿ. ಲೆಕ್ಕ ಕೈಬಿಟ್ಟ. ಅವಳು ಬೇಕೆನಿಸಿತು, ಬರೀ ಅವಳು ಬೇಕೆನಿಸಿತು. ತಿದಿಗೂ ಅಲ್ಲ, ನೀರಿಗೂ ಅಲ್ಲ, ಸುಮ್ಮನೆ ಪಕ್ಕದಲ್ಲಿ ಇರಲಿಕ್ಕೆ.

ಮಾದೇವಮ್ಮ ಬುತ್ತಿ ತಂದಳು. ಅಪ್ಪನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ಮುರಿದ ಮೈಯನ್ನು ಬಿಸಿಲಿಗೆ ಹಿಡಿದಳು. ದಪ್ಪ ದಪ್ಪ ಹರಳು ಮಿನುಗಿದವು.

"ಕಲ್ಲುಪ್ಪಿನಂಗದಲ್ಲಪ್ಪ."

"ಊಂ. ಕಳ್ಳ ಮಾಲು. ಗುಜರಿಯೋನು ಮೋಸ ಮಾಡವ್ನೆ."

ಮಾದೇವಮ್ಮ ಏನೋ ಹೇಳಲು ಹೋಗಿ, ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಅದು ಅವಳಿಗೆ ತಾಯಿಯಿಂದ ಬಂದ ವಿದ್ಯೆ. ತುಂಡನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರನೆಯ ದಿನ ನಸುಕಿಗೇ ಕುಲುಮೆ ಹೊತ್ತಿತು. ಮುತ್ತಯ್ಯ ಉಳಿದ ಪಟ್ಟೆ ಕಾಯಿಸಿ, ಬಡಿದು, ಮೂತಿ ತಿದ್ದಿ ಕೊನೆಯ ಹಲ್ಲು ಮಾಡಿದ. ಇನ್ನು ಹದ ಕೊಡುವುದೊಂದೇ ಬಾಕಿ. ಆಗ ಮಾದೇವಮ್ಮ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಒಳಮೂಲೆಗೆ ಬಂದಳು.

"ಪುಟ್ಮಾದಣ್ಣ, ನೀನೊಸಿ ಏಳು. ನಾನು ಒತ್ತೀನಿ."

"ನಂಗೆ ಸುಸ್ತೇ ಆಗಿಲ್ಲ ಕಣವ್ವ."

"ಗೊತ್ತು. ಅದ್ಕೇ ಏಳು."

ಪುಟ್ಟಮಾದಯ್ಯ ತಲೆ ಕೆರೆದುಕೊಂಡು ಎದ್ದ. ಬೇಡವೆನ್ನುವ ಶಕ್ತಿ ಮುತ್ತಯ್ಯನಲ್ಲಿ ಉಳಿದಿರಲಿಲ್ಲ. ಹಲ್ಲನ್ನು ಕೆಂಡದೊಳಗೆ ತಳ್ಳಿ, ಇಕ್ಕುಳ ಹಿಡಿದು, ತನ್ನ ಮಾಮೂಲು ಜಾಗದಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತ. ತಿದಿ ನಿಧಾನವಾಗಿ ಉಸಿರೆಳೆಯಿತು, ಬಿಟ್ಟಿತು. ಎಷ್ಟೋ ದಿನದ ಮೇಲೆ ಕೇಳಿದ ಉಸಿರಿನ ಹಾಗಿತ್ತು ಅದು. ಪುಟ್ಟಮಾದಯ್ಯನ ಧಡಬಡ ಇರಲಿಲ್ಲ. ಮುತ್ತಯ್ಯನಿಗೆ ಹಿಂದೆ ತಿರುಗಿ ನೋಡಲು ಭಯವಾಯಿತು. ಇನ್ನೂ ಕಾಯಲಿ, ಇನ್ನೂ ಚೆನ್ನಾಗಿ ಹೊಳೆಯಲಿ, ಈ ಸಲ ಗಟ್ಟಿಯಾಗಲಿ ಎಂದು ಕಾದ.

ತಿದಿ ನಿಂತಿತು.

"ಯಾಕೆ, ಕೈ ಸೋತ್ತಾ?" ಎಂದು ಅವನು ಗದರಿದ. ಬಾಯಿಗೆ ಆ ಮಾತು ತಾನಾಗಿ ಬಂತು.

"ಊಂ, ಸೋತ್ತು" ಎಂದಿತು ಕತ್ತಲು.

ಮುತ್ತಯ್ಯನ ಕೈ ಯೋಚಿಸಲಿಲ್ಲ. ಹಲ್ಲನ್ನು ಎಳೆದು ಬಾನಿಗೆ ಅದ್ದಿತು. ಚುರ್ ಎಂದು ಆವಿ ಎದ್ದಿತು. ಆವಿ ಇಳಿದ ಮೇಲೆ ಅವನು ತಿರುಗಿ ಮಗಳನ್ನು ನೋಡಿದ. ಇಪ್ಪತ್ತು ಸಲ ಒತ್ತಿದ್ದಾಳೋ ಇಲ್ಲವೋ. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

"ನಿನ್ಗೆ ಸೋತೇ ಇಲ್ವಲ್ಲ ಕೂಸೇ."

"ಇಲ್ಲ ಕಣಪ್ಪ."

"ಮತ್ತೆ ಯಾಕೆ ನಿಲ್ಲಿಸ್ದೆ?"

"ಬಣ್ಣ ಬಂತಲ್ಲ. ಬೇಲಿ ಮೇಲಿನ ತೊಂಡೆಹಣ್ಣಿನ ಬಣ್ಣ. ಅದು ಬಂದೇಟ್ಗೆ ನಿಲ್ಲಿಸ್ಬುಡ್ಬೇಕು, ಅದ್ರ ಮೇಲೆ ಕಾಯ್ಸಿದ್ರೆ ಒಳಗೆ ಕಲ್ಲುಪ್ಪು ಕಟ್ತದೆ ಅಂತ ಅವ್ವ ಏಳ್ಕೊಟ್ಟಿದ್ಲು. ಅವ್ವನಿಗೆ ನಮ್ಮ ತಾತ ಏಳ್ಕೊಟ್ಟಿದ್ದನಂತೆ."

ಮುತ್ತಯ್ಯ ಇಕ್ಕುಳವನ್ನು ಅಡಿಗಲ್ಲಿನ ಮೇಲಿಟ್ಟ. ಇಡುವಾಗ ಸದ್ದಾಗದಂತೆ ಇಟ್ಟ. "ಅಂಗಾದ್ರೆ ಅವ್ಳು ನಿಲ್ಲಿಸ್ತಿದ್ದದ್ದು..."

"ಒಂದಿನಾನೂ ಸೋತು ನಿಲ್ಲಿಸ್ಲಿಲ್ಲ ಕಣಪ್ಪ."

"ಮತ್ತೆ ಸೋತ್ತು ಅಂತಿದ್ಲಲ್ಲ! ಬಣ್ಣ ಬಂತು, ತಗಿ ಅಂತ ಒಂದು ಮಾತು ಏಳ್ಬಾರ್ದಾ?"

ಮಾದೇವಮ್ಮ ತಿದಿಯ ಹಿಡಿಯ ಮೇಲೆ ಕೈಯಾಡಿಸಿದಳು. "ಏಳಿದ್ರೆ ನೀನು ತಗೀತಿದ್ಯಾ? ನಂಗೇ ಏಳ್ಕೊಡ್ತೀಯಾ ಅಂತ ಇನ್ನೂ ನಾಕು ಸಲ ಒತ್ತು ಅಂತಿದ್ದೆ. ಸೋತ್ತು ಅಂದ್ರೆ ಬೈಕಂಡಾದ್ರೂ ತಗೀತಿದ್ದೆ. ನಾನೂ ಒಂದ್ಸಲ ಕೇಳ್ದೆ ಅವ್ವನ್ನ. ಬೈಗುಳ ನನ್ಗಿರ್ಲಿ ಕೂಸೇ, ಕಬ್ಬಿಣ ಉಳೀತದೆ, ನಿಮ್ಮಪ್ಪನ ಎಸ್ರೂ ಉಳೀತದೆ ಅಂದ್ಲು."

ಬಾಗಿಲಲ್ಲಿ ನಿಂತಿದ್ದ ಪುಟ್ಟಮಾದಯ್ಯ ಮೆಲ್ಲಗೆ ಅಂಗಳಕ್ಕೆ ಜಾರಿಕೊಂಡ. ಮುತ್ತಯ್ಯ ಎರಡು ವರ್ಷದ ಹಿಂದೆ ಅಳಬೇಕಾಗಿದ್ದದ್ದನ್ನು ಅವತ್ತು ಅತ್ತ. ಬಾನಿಯ ಅಂಚು ಹಿಡಿದು, ಮಗಳ ಮುಂದೆ, ನಾಚಿಕೆಯಿಲ್ಲದೆ ಅತ್ತ. "ಅದಿನೇಳು ವರ್ಷ ಬೈದ್ನಲ್ಲ ಕೂಸೇ. ಊರೋರ ಕೈಲೂ ನಗಿಸ್ದೆ."

"ಅವ್ವನೂ ನಗ್ತಿದ್ಲು ಬುಡಪ್ಪ" ಎಂದಳು ಮಾದೇವಮ್ಮ.

ಬಾನಿಯಿಂದ ಹಲ್ಲು ತೆಗೆದು ಅಡಿಗಲ್ಲಿಗೆ ತಾಕಿಸಿದರೆ ದೇವಸ್ಥಾನದ ಗಂಟೆಯ ಹಾಗೆ ಕೇಳಿಸಿತು. ಮತ್ತೆ ಒಂದಿಷ್ಟು ಬೂದಿಯ ಬಿಸಿಗೆ ಇಟ್ಟು ಅದರ ಬಿರುಸು ಇಳಿಸಿ, ಕೀಲು ಹಾಕಿ ಕೂಡಿಸಿದರು. ಮಾದಸ್ವಾಮಿ ಟ್ರಾಕ್ಟರನ್ನು ಗೊರಜಿನ ಅಂಚಿಗೆ ತಂದು ಹಂದಿಕೋರೆ ಇಳಿಸಿದ. ಈ ಸಲ ಮುತ್ತಯ್ಯ ನೋಡಲಿಲ್ಲ. ಹೊರೆಗಲ್ಲಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಕಿವಿಯಲ್ಲೇ ಕಾದ. ಕರಕರ ಎಂದಿತು ನೆಲ. ಟಣ್ ಎನ್ನಲಿಲ್ಲ. ಕರಕರ ಸದ್ದು ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು, ಆಮೇಲೆ ಜನ ಕೂಗಿದರು. ಕಣ್ಣು ಬಿಟ್ಟಾಗ ಗೊರಜಿನ ನಡುವೆ, ಹೆಂಗಸರು ತುಳಿದು ತುಳಿದು ಕಲ್ಲಾಗಿದ್ದ ಆ ದಾರಿಯ ನಟ್ಟನಡುವೆ, ಒಂದು ಸೀಳು ಊರಿನ ಕಡೆಗೆ ಹೋಗಿತ್ತು. ಆರು ಸಲ ಹೋಗಿ ಬಂದಿತು ಟ್ರಾಕ್ಟರು. ಮಧ್ಯಾಹ್ನ ಮಾದಸ್ವಾಮಿ ಹಂದಿಕೋರೆ ಕಳಚಿ ಕುಲುಮೆಯ ಗೋಡೆಗೆ ಒರಗಿಸಿ, ಹೆಂಡತಿಯನ್ನು ಟ್ರೇಲರಿಗೆ ಹತ್ತಿಸಿಕೊಂಡು ಹೊರಟ. ಹಲ್ಲು ಇನ್ನೂ ಬಾಯಲ್ಲೇ ಇತ್ತು.

ಕಾಲುವೆ ಮುಗಿದು, ಪೈಪಿನಿಂದ ಆಡುಮರಿಗಳನ್ನು ಓಡಿಸಿ, ಕೀಲುಗಳಿಗೆ ಗಾರೆ ಮೆತ್ತಿ ಮಣ್ಣು ಮುಚ್ಚುವಷ್ಟರಲ್ಲಿ ಒಂದೂವರೆ ತಿಂಗಳಾಯಿತು. ನಲ್ಲಿ ಊರ ನಡುವೆ, ತನ್ನ ಜಗುಲಿಯ ಮುಂದೆ ಇರಲಿ ಎಂದು ದೊಡ್ಡಮಾದಪ್ಪನಿಗೆ ಒಳಗೊಳಗೇ ಆಸೆಯಿತ್ತು. ಮುತ್ತಯ್ಯ ಅವನಿಗೆ ಕುಲುಮೆಯ ಮಗ್ಗುಲಿನ ಚಪ್ಪಟೆ ಕಲ್ಲು ತೋರಿಸಿದ. ಯಾರಿಟ್ಟದ್ದು ಎಂದು ಹೇಳಿದ. ಯಜಮಾನ ನಲ್ಲಿಯನ್ನು ಅಲ್ಲೇ ನಿಲ್ಲಿಸಲು ಹೇಳಿದ. ನೀರು ಬಂದ ದಿನ ಮೊದಲು ಗಾಳಿ ಕೆಮ್ಮಿತು, ಆಮೇಲೆ ಕೆಸರು, ಆಮೇಲೆ ಸೀಗೆಕಟ್ಟೆಯ ತಿಳಿನೀರು ಕಲ್ಲಿನ ಮೇಲೆ ಧುಮುಕಿತು. ಊರೆಲ್ಲ ಅಲ್ಲಿತ್ತು. ಮುತ್ತಯ್ಯ ಮಾತ್ರ ಗುಂಪಿನ ಹಿಂದೆ ನಿಂತಿದ್ದ.

ಮಾರನೆಯ ದಿನ ಬೆಳಿಗ್ಗೆ ಅವನೊಬ್ಬನೇ ಕುಲುಮೆ ಹೊತ್ತಿಸಿದ. ಪುಟ್ಟಮಾದಯ್ಯ ಕೂಲಿಗೆ ಹೋಗಿದ್ದ. ಅದೇ ಊರಿನ ರಾಚಮ್ಮನ ಕುಡುಗೋಲೊಂದು ಹದಕ್ಕೆ ಬಂದಿತ್ತು. ಎರಡು ವರ್ಷದ ಮೇಲೆ ಅವಳು ಹನೂರು ಬಿಟ್ಟು ಮತ್ತೆ ಈ ಬಾಗಿಲಿಗೆ ಬಂದಿದ್ದಳು. ಒತ್ತುವವರಿಲ್ಲದೆ ಮುತ್ತಯ್ಯ ತಾನೇ ಒಳಮೂಲೆಗೆ ಹೋಗಿ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತ. ಆ ಕುಲುಮೆ ಕಟ್ಟಿದವನು ಅವನು. ಆ ಜಾಗದಲ್ಲಿ ಒಂದು ದಿನವೂ ಕೂತಿರಲಿಲ್ಲ. ತಿದಿಯ ಮರದ ಹಿಡಿ ಒಂದು ಕಡೆ ಸವೆದು ತಗ್ಗಾಗಿತ್ತು. ಅವನ ಅಂಗೈಗೆ ಅದು ಹೊಂದಲಿಲ್ಲ, ಚಿಕ್ಕ ಕೈಯ ತಗ್ಗು.

ಒತ್ತಿದ. ಕೆಂಡ ಅರಳಿತು. ಅಲ್ಲಿಂದ ನೋಡಿದರೆ ಹಿಂದಿನದು ಕತ್ತಲ ಗೋಡೆ. ಕಬ್ಬಿಣದ ಬಣ್ಣ ಒಂದೊಂದೇ ಎಳೆಯಾಗಿ ಏರುವುದು ಕಂಡಿತು. ಕಪ್ಪು, ಕಂದು, ಆಮೇಲೆ ಕೆಂಪು. ಇಷ್ಟು ವರ್ಷ ಬಾಗಿಲ ಬೆಳಕನ್ನು ಕಣ್ಣಿಗೆ ತುಂಬಿಕೊಂಡು ನಿಂತವನಿಗೆ ಎಲ್ಲ ಕೆಂಪೂ ಒಂದೇ ಕೆಂಪಾಗಿತ್ತು. ಬೇಲಿಯ ತೊಂಡೆಹಣ್ಣು ಹಣ್ಣಾದಂತೆ ಅಲಗು ಹಣ್ಣಾಯಿತು. ಅವನ ಕೈ ನಿಂತಿತು. ಅಂಗವಸ್ತ್ರದಿಂದ ಮುಖ ಒರೆಸಿಕೊಂಡ. ಅಡಿಗಲ್ಲಿನ ಪಕ್ಕ, ತಾನು ನಿಲ್ಲುತ್ತಿದ್ದ ಖಾಲಿ ಜಾಗದಿಂದ ಯಾರಾದರೂ ಒಮ್ಮೆ ಗದರಲಿ ಎಂದು ಕಾದ.

"ಊಂ, ಸೋತ್ತು ಕಣೆ ನಿಂಗಿ" ಎಂದ ಕೊನೆಗೆ ತಾನೇ. ಎದ್ದು ಕುಡುಗೋಲನ್ನು ಬಾನಿಗೆ ಅದ್ದಿದ. ಹೊರಗೆ ಯಾರೋ ಹೆಂಗಸು ನಲ್ಲಿ ತಿರುಗಿಸಿದ್ದಳು. ನೀರು ಕಲ್ಲಿನ ಮೇಲೆ ಬಿದ್ದು ಕಾರೆದೊಡ್ಡಿಯಲ್ಲಿ ಸದ್ದು ಮಾಡುತ್ತಿತ್ತು. ಕೇಳಬೇಕಾದವಳು ಇಲ್ಲವಲ್ಲ ಎಂದುಕೊಂಡು ಅವನು ಅದನ್ನು ಅವಳ ಪಾಲಿಗೂ ಸೇರಿಸಿ ಬಹಳ ಹೊತ್ತು ಕೇಳಿದ.